ಪದ್ಮಿನಿಯ ಹಿಡಿಕೆಗಳಿಗಾಗಿ ಮುಂಬೈಗೆ

ಹಳೆಯ ಪ್ರೀಮಿಯರ್ ಪದ್ಮಿನಿ ಕಾರನ್ನು ಮತ್ತೆ ಮೊದಲಿನ ರೂಪಕ್ಕೆ ತರಲು ಹೊರಟವರಿಗೆ ಎಂಜಿನ್ ಅಂಥ ದೊಡ್ಡ ತಲೆನೋವೇನಲ್ಲ. 1089 ಸಿಸಿಯ ಆ ಎಂಜಿನ್ನಿಗೆ ಬೇಕಾದ ಬೇರಿಂಗು, ಗ್ಯಾಸ್ಕೆಟ್ಟು, ಕ್ಲಚ್ ಪ್ಲೇಟು, ಬ್ರೇಕಿನ ರಬ್ಬರು ಇವೆಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಾಳ್ಮೆಯಿಂದ ಅಲೆದರೆ ಇಂದಿಗೂ ಸಿಗುತ್ತವೆ. ಸಿಗದಿದ್ದರೆ ಲೇತ್ ಕೆಲಸದವರು ಕಡೆದು ಕೊಡುತ್ತಾರೆ. ನಿಜವಾದ ಕಷ್ಟವಿರುವುದು ಬಾಗಿಲಿನ ಹಿಡಿಕೆ, ಲಾಕು, ಲಾಕು ಹೋಗಿ ಕಚ್ಚಿಕೊಳ್ಳುವ ಸ್ಟ್ರೈಕರ್ ಪ್ಲೇಟು, ಕೀಲು, ಕಿಟಕಿ ಏರಿಸುವ ಮಷಿನ್ನು, ಡಿಕ್ಕಿಯ ಬೀಗ, ಪಕ್ಕದ ಬೀಡಿಂಗನ್ನು ಹಿಡಿದಿಡುವ ಕ್ಲಿಪ್ಪು ಇಂಥ ಸಣ್ಣ ಸಾಮಾನುಗಳಲ್ಲಿ. ಇವು ಬೇರೆ ಯಾವ ಕಾರಿಗೂ ಹೊಂದುವುದಿಲ್ಲವಾದ್ದರಿಂದ ಅಂಗಡಿಯವರು ಇವನ್ನು ದಾಸ್ತಾನು ಇಡುವುದಿಲ್ಲ, ಮತ್ತು ಕಾರು ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಾಗ ಮೊದಲು ಕಳೆದುಹೋಗುವುದೂ ಇವೇ.

ಮೈಸೂರಿನ ಗ್ಯಾರೇಜಿನಲ್ಲಿ ನನ್ನ ಕಾರಿನ ಟಿಂಕರಿಂಗ್ ಮುಗಿದು ಪ್ರೈಮರ್ ಬಿದ್ದಾಗ ನಾಲ್ಕು ಬಾಗಿಲುಗಳ ಪೈಕಿ ಒಂದಕ್ಕೂ ಸರಿಯಾದ ಹೊರ ಹಿಡಿಕೆ ಇರಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಒಂದು ಜೊತೆ ಕೀಲು ಮಾತ್ರ ದೊರೆಯಿತು. ಕೀಲು ಕೊಟ್ಟ ವ್ಯಾಪಾರಿಯೇ, ‘ಇಲ್ಲಿ ಹುಡುಕಿ ಕಾಲು ಸವೆಸಬೇಡಿ, ಬಾಂಬೆಗೆ ಹೋಗಿ, ಹೋಗುವಾಗ ಹಳೇ ಪೀಸು ಜೊತೆಗಿರಲಿ’ ಎಂದರು. ಮೊಬೈಲಿನ ಚಿತ್ರ ತೋರಿಸಿ ಬಾಗಿಲಿನ ಸಾಮಾನು ಕೊಳ್ಳುವುದೆಂದರೆ ಕಾಲಿನ ಅಳತೆ ಕೊಡದೆ ಚಪ್ಪಲಿ ತರಿಸಿದಂತೆಯೇ ಸರಿ. ಹಾಗಾಗಿ ಮುರಿದ ಹಿಡಿಕೆ, ತುಕ್ಕು ಹಿಡಿದ ಲಾಕು, ಒಂದೆರಡು ಕ್ಲಿಪ್ಪುಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ಗುಂತಕಲ್, ವಾಡಿ, ಕಲಬುರಗಿ, ಸೊಲ್ಲಾಪುರಗಳನ್ನು ಹಾದುಹೋಗುವ ಈ ದಾರಿ ದೀರ್ಘವಾದದ್ದು, ಆದರೆ ಭಾರದ ಲೋಹದ ಸಾಮಾನು ಹೊತ್ತು ಮರಳಬೇಕಾದವನಿಗೆ ವಿಮಾನಕ್ಕಿಂತ ರೈಲೇ ಅನುಕೂಲ.

ಮುಂಬೈಯೇ ಏಕೆ ಎಂಬುದಕ್ಕೆ ಎರಡು ಕಾರಣಗಳಿವೆ. ಪದ್ಮಿನಿ ಹುಟ್ಟಿದ್ದು ಅಲ್ಲಿಯ ಕುರ್ಲಾದಲ್ಲಿ. 1940ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಹುಟ್ಟುಹಾಕಿದ ವಾಲ್‌ಚಂದ್ ಹೀರಾಚಂದ್ ಅವರೇ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸನ್ನು ಸ್ಥಾಪಿಸಿದರು. ಇಟಲಿಯ ಫಿಯಟ್ 1100ರ ಪರವಾನಗಿ ಪಡೆದು ತಯಾರಿಸುತ್ತಿದ್ದ ಕಾರು 1974ರಿಂದ ಪದ್ಮಿನಿ ಎಂಬ ಹೆಸರಿನಲ್ಲಿ ಬರತೊಡಗಿತು. ಎರಡನೆಯ ಕಾರಣ, ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು, ಕಪ್ಪು-ಹಳದಿ ಟ್ಯಾಕ್ಸಿ. ದಶಕಗಳ ಕಾಲ ಆ ನಗರದ ಟ್ಯಾಕ್ಸಿಯೆಂದರೆ ಪದ್ಮಿನಿಯೇ ಆಗಿತ್ತು. ಹಗಲು ರಾತ್ರಿ ಓಡುವ ಟ್ಯಾಕ್ಸಿಯ ಬಾಗಿಲನ್ನು ದಿನಕ್ಕೆ ಎಷ್ಟು ಜನ ಎಳೆದು ಬಡಿಯುತ್ತಾರೆಂದು ಊಹಿಸಿದರೆ, ಅಲ್ಲಿ ಹಿಡಿಕೆ ಮತ್ತು ಲಾಕುಗಳಿಗೆ ಬತ್ತದ ಬೇಡಿಕೆ ಇದ್ದದ್ದು ಏಕೆಂದು ತಿಳಿಯುತ್ತದೆ. ಈ ಕಾರನ್ನು ಉಳಿಸಿದವರು ಹಳೆಯ ಕಾರುಗಳ ಮೆರವಣಿಗೆಯಲ್ಲಿ ಸೂಟು ತೊಟ್ಟು ನಿಲ್ಲುವವರಲ್ಲ. ಟ್ಯಾಕ್ಸಿಯವರು ಎಂಬುದು ನನ್ನ ಖಚಿತ ಅಭಿಪ್ರಾಯ.

ಕುರ್ಲಾ ನಿಲ್ದಾಣದ ಪಶ್ಚಿಮಕ್ಕಿಳಿದು ಎಲ್.ಬಿ.ಎಸ್. ಮಾರ್ಗ ದಾಟಿದರೆ ಕಲೀನಾದ ಕಡೆ ಹೋಗುವ ಸಿ.ಎಸ್.ಟಿ. ರಸ್ತೆ ಸಿಗುತ್ತದೆ. ಎರಡೂ ಬದಿಗೆ ಬಾಗಿಲು, ಬಾನೆಟ್ಟು, ಬಂಪರುಗಳನ್ನು ಗೋಡೆಯೆತ್ತರಕ್ಕೆ ಒಟ್ಟಿದ ಅಂಗಡಿಗಳು. ಬಹುಪಾಲು ಹೊಸ ಕಾರುಗಳ ಸಾಮಾನು. ಪದ್ಮಿನಿಯನ್ನು ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಹಾಗೆ ಕೈ ತೋರಿಸಿಕೊಂಡೇ ಒಳ ಗಲ್ಲಿಯೊಂದರ ಮಳಿಗೆ ತಲುಪಿದೆ. ಮಾಲೀಕರು ನನ್ನ ಗಂಟು ಬಿಚ್ಚುವ ಮುಂಚೆಯೇ ಕೇಳಿದ ಮೊದಲ ಪ್ರಶ್ನೆ: ದುಕ್ಕರ್ ಫಿಯಟ್ಟೋ, ಡಿಲೈಟೋ, ಪದ್ಮಿನಿಯೋ? ಮೂರೂ ಅದೇ ಫಿಯಟ್ 1100ರ ಬೇರೆ ಬೇರೆ ಕಾಲದ ರೂಪಗಳಾದ್ದರಿಂದ ಪ್ರಶ್ನೆ ಸರಿಯಾದದ್ದೇ. ಅರುವತ್ತರ ದಶಕದ ಆರಂಭದವರೆಗಿನ ದುಕ್ಕರ್ ಫಿಯಟ್ಟಿನ ಮುಂಬಾಗಿಲು ಹಿಂದಿನ ಅಂಚಿಗೆ ಕೀಲು ಹಾಕಿಸಿಕೊಂಡು ಮುಂದಿನಿಂದ ತೆರೆಯುತ್ತಿತ್ತು. ಅದರ ಲಾಕಾಗಲಿ ಸ್ಟ್ರೈಕರಾಗಲಿ ಮುಂದೆ ಬಂದ ಡಿಲೈಟಿಗೆ ಕೂರುವುದಿಲ್ಲ. ಡಿಲೈಟಿನದು ಪದ್ಮಿನಿಗೆ ಬಹುಮಟ್ಟಿಗೆ ಒಗ್ಗುತ್ತದೆ.

ಗೋಣಿಚೀಲವೊಂದನ್ನು ಅವರು ನೆಲಕ್ಕೆ ಸುರಿದಾಗ ಹಿಡಿಕೆಗಳ ರಾಶಿಯೇ ಬಿತ್ತು. ಅದರ ಮುಂದೆ ಕುಳಿತು ಆರಿಸತೊಡಗಿದಾಗ ಒಂದು ಸಂಗತಿ ನಿಚ್ಚಳವಾಯಿತು. ಎಡ ಹಿಂಬಾಗಿಲಿನ ಹಿಡಿಕೆಗಳೆಲ್ಲ ಕ್ರೋಮ್ ಕಳೆದುಕೊಂಡು, ಗುಂಡಿಯ ಅಂಚು ಬೆರಳಿನ ಒತ್ತಡಕ್ಕೆ ಸವೆದು ನುಣುಪಾಗಿದ್ದವು. ಪ್ರಯಾಣಿಕರು ಫುಟ್‌ಪಾತಿನ ಕಡೆಯಿಂದ, ಅಂದರೆ ಎಡದಿಂದಲೇ ಹತ್ತುವುದಲ್ಲವೇ. ಚಾಲಕನ ಬಾಗಿಲಿನದ್ದಂತೂ ಹೇಳುವುದೇ ಬೇಡ. ಆದರೆ ಬಲ ಹಿಂಬಾಗಿಲಿನ ಹಿಡಿಕೆಗಳು, ವಾಹನಗಳು ನುಗ್ಗುವ ಬದಿಗೆ ಯಾರೂ ಇಳಿಯದಿರುವುದರಿಂದ, ಬಹುತೇಕ ಹೊಸದರಂತೆಯೇ ಉಳಿದಿದ್ದವು. ಬೆಲೆಯೂ ಇದನ್ನೇ ಹೇಳುತ್ತಿತ್ತು: ಬಲ ಹಿಂಬಾಗಿಲಿನದ್ದು ಅಗ್ಗ, ಸವೆಯದ ಎಡದ್ದು ದುಬಾರಿ.

ಹಿಡಿಕೆ ಆರಿಸುವಾಗ ಹೊಳಪಿಗಿಂತ ಮೊದಲು ನೋಡಬೇಕಾದದ್ದು ಗುಂಡಿಯ ಹಿಂದಿನ ದಂಡ. ಗುಂಡಿಯನ್ನೊತ್ತಿದಾಗ ಆ ದಂಡ ಬಾಗಿಲಿನೊಳಗೆ ಲಾಕಿನ ಸನ್ನೆಗೆ ತಾಗಬೇಕು. ಅದು ಗಿಡ್ಡವಾಗಿದ್ದರೆ ಬಾಗಿಲು ತೆರೆಯುವುದಿಲ್ಲ. ಉದ್ದವಾಗಿದ್ದರೆ ಲಾಕು ಪೂರ್ತಿ ಕಚ್ಚದೆ, ತಿರುವಿನಲ್ಲಿ ಬಾಗಿಲು ತೆರೆದುಕೊಳ್ಳುವ ಅಪಾಯವಿದೆ. ಎರಡನೆಯದು ಸ್ಪ್ರಿಂಗು: ಒತ್ತಿ ಬಿಟ್ಟಾಗ ಗುಂಡಿ ಟಕ್ಕೆಂದು ಹಿಂದಕ್ಕೆ ಬರಬೇಕು. ಮೂರನೆಯದು ಲೋಹ. ಇಂಥ ಹಿಡಿಕೆಗಳ ಎರಕಕ್ಕೆ ಬಳಸುವುದು ಮಜಾಕ್ ಎಂಬ ಸತುವಿನ ಮಿಶ್ರಲೋಹ. ಅದರ ಮೇಲೆ ತಾಮ್ರ, ನಿಕಲ್, ಕ್ರೋಮ್ ಹೀಗೆ ಒಂದರ ಮೇಲೊಂದು ಲೇಪ ಕೊಡುತ್ತಾರೆ. ಲೇಪದ ಸೂಜಿಗಣ್ಣಿನಂಥ ರಂಧ್ರಗಳಿಂದ ತೇವ ಒಳಹೊಕ್ಕರೆ ಸತು ಉಬ್ಬಿ, ಮೇಲ್ಮೈ ತುಂಬ ಬೊಕ್ಕೆಗಳೇಳುತ್ತವೆ. ಮುಂಬೈಯ ಉಪ್ಪು ಗಾಳಿಯಲ್ಲಿ ಇದು ಬೇಗ. ಬೊಕ್ಕೆಯೆದ್ದದ್ದಕ್ಕೆ ಮತ್ತೆ ಕ್ರೋಮ್ ಹಾಕಿಸುವುದು ಸುಲಭವಲ್ಲ, ಏಕೆಂದರೆ ಹಳೆಯ ಲೇಪ ತೆಗೆಯುವ ಆಮ್ಲ ಸತುವನ್ನೂ ತಿನ್ನುತ್ತದೆ. ಒಂದೊಂದು ಕುಳಿಯನ್ನೂ ಕೆರೆದು ತಾಮ್ರ ತುಂಬಿ ಉಜ್ಜಬೇಕು. ಆದ್ದರಿಂದ ಕ್ರೋಮ್ ಮಾಸಿದರೂ ಮೈ ನಯವಾಗಿರುವ ಹಿಡಿಕೆಯೇ, ಅರ್ಧ ಹೊಳೆದು ಅರ್ಧ ಬೊಕ್ಕೆಯಾದದ್ದಕ್ಕಿಂತ ಮೇಲು.

ಮರುದಿನ ಒಪೇರಾ ಹೌಸ್ ಆಸುಪಾಸಿನ ಬಿಡಿಭಾಗದ ಅಂಗಡಿಗಳಿಗೆ ಹೋದೆ. ಅಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಮಿನುಗುವ ಹೊಸ ಹಿಡಿಕೆಗಳಿದ್ದವು. ಕೈಗೆತ್ತಿಕೊಂಡೊಡನೆ ತೂಕದಲ್ಲೇ ವ್ಯತ್ಯಾಸ ತಿಳಿಯಿತು. ನನ್ನ ಹಳೆಯ ಪೀಸಿನ ಪಕ್ಕ ಇಟ್ಟರೆ ಬೋಲ್ಟಿನ ರಂಧ್ರಗಳ ಅಂತರವೇ ಬೇರೆ. ‘ಫೈಲ್ ಹಾಕಿದರೆ ಕೂತುಕೊಳ್ಳುತ್ತೆ’ ಎಂದು ಅಂಗಡಿಯಾತ ಆಶ್ವಾಸನೆ ಕೊಟ್ಟ. ಹೊಸದಾಗಿ ಬಣ್ಣ ಬಳಿದ ಬಾಗಿಲಿಗೆ ಫೈಲ್ ಹಾಕಿಸುವ, ಅಂದರೆ ಅರದಿಂದ ಉಜ್ಜಿಸುವ ಧೈರ್ಯ ನನಗಿರಲಿಲ್ಲ. ಹಾಗೆಂದು ನಕಲಿ ಮಾಲೆಲ್ಲ ಕೆಟ್ಟದ್ದೆಂದು ಹೇಳಲಾರೆ: ಕಿಟಕಿಯ ರಬ್ಬರು, ಬಾಗಿಲಿನ ಸುತ್ತಣ ಬೀಡಿಂಗು, ಕ್ಲಿಪ್ಪುಗಳನ್ನು ಅಲ್ಲಿಂದಲೇ ಕೊಂಡೆ. ರಬ್ಬರು ಹಳೆಯದಾದಷ್ಟೂ ಬಿರುಕು ಬಿಡುವುದರಿಂದ ಒರಿಜಿನಲ್ ಎಂಬ ಹಠಕ್ಕೆ ಅಲ್ಲಿ ಅರ್ಥವಿಲ್ಲ. ಲೋಹದ ಎರಕದ ಸಾಮಾನಿನಲ್ಲಿ ಮಾತ್ರ ಸವೆದ ಕಂಪನಿ ಮಾಲು ಹೊಳೆಯುವ ಡೂಪ್ಲಿಕೇಟಿಗಿಂತ ಉತ್ತಮ.

ಅಲ್ಲಿಂದ ಚೋರ್ ಬಜಾರ್. ಹೆಸರು ದೊಡ್ಡದು, ಮಟನ್ ಸ್ಟ್ರೀಟಿನಲ್ಲಿ ಗ್ರಾಮಫೋನು, ದೀಪಗಳ ನಡುವೆ ಹಳೆಯ ಕಾರುಗಳ ಲಾಂಛನಗಳೂ ಇದ್ದವು, ಆದರೆ ಬೆಲೆ ಹೇಳುವಾಗ ಅವರ ಕಣ್ಣ ಮುಂದೆ ಇದ್ದದ್ದು ಪ್ರವಾಸಿಗರ ಜೇಬು. ಶುಕ್ರವಾರ ಅಲ್ಲಿಯ ಅಂಗಡಿಗಳು ಮುಚ್ಚಿರುತ್ತವೆಂಬುದನ್ನು ಹೋಗುವವರು ನೆನಪಿಡಬೇಕು. ಏನು ಕೊಂಡರೂ ಬಿಲ್ಲು ಕೇಳುವುದು ಒಳ್ಳೆಯದು. ಹಳೆಯ ಸಾಮಾನಿನ ಪೂರ್ವಾಪರ ಯಾರಿಗೆ ಗೊತ್ತು.

ಕುರ್ಲಾದ ಮಳಿಗೆಗೆ ಮತ್ತೆ ಹೋದಾಗ ಮಾಲೀಕರು ಚಹಾ ತರಿಸಿದರು. ಪದ್ಮಿನಿಯ ತಯಾರಿಕೆ ನಿಂತು ಕಾಲು ಶತಮಾನವಾಗುತ್ತ ಬಂದರೂ ಅವರ ವ್ಯಾಪಾರ ನಿಂತಿರಲಿಲ್ಲ. ಮುಂಬೈಯಲ್ಲಿ ಟ್ಯಾಕ್ಸಿಯಾಗಿ ನೋಂದಣಿಯಾದ ಕೊನೆಯ ಪದ್ಮಿನಿ 2003ರ ಅಕ್ಟೋಬರ್ 29ರಂದು ತಾರದೇವ್ ಆರ್.ಟಿ.ಓ.ದಲ್ಲಿ ದಾಖಲಾಯಿತು, ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿಯಿರುವುದರಿಂದ 2023ರ ಅಕ್ಟೋಬರ್ ಅಂತ್ಯಕ್ಕೆ ಅವೆಲ್ಲ ರಸ್ತೆಯಿಂದ ಹಿಂದೆ ಸರಿದವು. ಒಡೆಯಲು ಬರುವ ಕಾರು ಇನ್ನಿಲ್ಲ, ಗೋಣಿಚೀಲದಲ್ಲಿ ಇರುವುದೇ ಕೊನೆ ಎಂದು ಅವರು ಲೆಕ್ಕ ಹೇಳುವಂತೆ ಹೇಳಿದರು. ಈಗ ಕೊಳ್ಳುವವರು ನನ್ನಂಥವರು ಮಾತ್ರ, ಮತ್ತು ನಾವು ಒಬ್ಬೊಬ್ಬರೂ ಒಂದೇ ಸಲ ಕೊಳ್ಳುವವರು. ಅಷ್ಟು ಗಿರಾಕಿಗಳನ್ನು ನಂಬಿ ಯಾರೂ ಹೊಸ ಅಚ್ಚು ಮಾಡಿಸುವುದಿಲ್ಲ.

ನಾಲ್ಕೂ ಹಿಡಿಕೆ, ಎರಡು ಲಾಕು, ಡಿಕ್ಕಿಯ ಬೀಗ ಸಿಕ್ಕಿದವು. ಸಿಗದೇ ಉಳಿದದ್ದು ಬಲಗಡೆಯ ಕ್ವಾರ್ಟರ್ ಗ್ಲಾಸಿನ ಚಿಲಕ. ಸೆಕೆಯ ಊರಿನಲ್ಲಿ ಚಾಲಕರು ಆ ಪುಟ್ಟ ತ್ರಿಕೋನ ಗಾಜನ್ನು ದಿನವಿಡೀ ತೆರೆದು ಮುಚ್ಚಿ ಬಲಗಡೆಯ ಚಿಲಕಗಳನ್ನೆಲ್ಲ ಮುರಿದಿದ್ದಾರೆ; ಎಡಗಡೆಯವು ಬೇಕಾದಷ್ಟಿದ್ದವು. ಎಡದ್ದನ್ನೇ ಮಾದರಿಯಾಗಿಟ್ಟು ಎರಕ ಹೊಯ್ಯಿಸೋಣವೆಂದರೆ ಅದು ಕನ್ನಡಿಯ ಪ್ರತಿಬಿಂಬದಂತೆ ತಿರುವುಮುರುವಾಗಿರುತ್ತದೆ, ಎರಕದಲ್ಲಿ ಬರುವುದು ಮತ್ತೊಂದು ಎಡವೇ. ಮೈಸೂರಿಗೆ ಮರಳಿದ ಮೇಲೆ ಲೇತ್ ಕೆಲಸದವರ ಕೈಗೆ ಎಡಗಡೆಯ ಚಿಲಕವನ್ನೂ ಒಂದು ಹಿತ್ತಾಳೆ ಗಟ್ಟಿಯನ್ನೂ ಕೊಟ್ಟಿದ್ದೇನೆ. ಅಳತೆ ತೆಗೆದು, ತಿರುವಿ ಬರೆದು, ಕೈಯಲ್ಲೇ ಫೈಲ್ ಮಾಡಿ ಕೊಡುವುದಾಗಿ ಅವರು ಒಪ್ಪಿದ್ದಾರೆ. ಕೂಲಿ ಎಷ್ಟೆಂದು ಇನ್ನೂ ಹೇಳಿಲ್ಲ. ಅಷ್ಟರಲ್ಲಿ ಹಳೆಯ ವಾಹನಗಳ ಬಿಡಿಭಾಗ ಸಿಗುವ ಚೆನ್ನೈನ ಪುದುಪೇಟೆಯಲ್ಲಿಯೂ ಒಬ್ಬರಿಗೆ ಹೇಳಿಟ್ಟಿದ್ದೇನೆ.