ಗ್ಯಾರೇಜಿನ ಗೋಡೆ ಮೇಲೆ ಅಮೆರಿಕದ ದಕ್ಷಿಣದ ವಿಶ್ವವಿದ್ಯಾಲಯಗಳು: ಚಾರ್ಟ್ ಕೆಲಸ ಎಲ್ಲಿಗೆ ಬಂತು

ಜನವರಿ

ಚಾರ್ಟಿನ ಅಳತೆ ಕೊನೆಗೂ ತೀರ್ಮಾನವಾಯಿತು. ಒಂದು ವರ್ಷಕ್ಕೆ 1 ಸೆಂಟಿಮೀಟರ್. 1785ರಿಂದ 2025ರವರೆಗೆ 240 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ಎಂಟು ಅಡಿ. ಕ್ಯಾರಿ ಎಂಬ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಅಷ್ಟು ಉದ್ದದ ಗೋಡೆ ಖಾಲಿ ಇದೆ. ಪಾರ್ಸೆಲ್ ಕಟ್ಟುವ ಕಂದು ಕಾಗದದ ರೋಲು ತಂದು ಅಡ್ಡಕ್ಕೆ ಅಂಟಿಸಿದ್ದೇನೆ. ಒಂದೊಂದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಒಂದೊಂದು ಪಟ್ಟಿ. ಕೆಂಪು ಪಿನ್ನು ಶುರುವಾದ ವರ್ಷಕ್ಕೆ, ನೀಲಿ ಪಿನ್ನು ಪ್ರತಿಷ್ಠೆಯ ಗುರುತುಗಳಿಗೆ, ಹಸಿರು ದುಡ್ಡಿಗೆ.

ಯಾಕೆ ಈ ಕೆಲಸ ಅಂತ ಕೇಳುವವರಿಗೆ: ಇಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಹೈಸ್ಕೂಲು ಮಕ್ಕಳಿರುವ ಎರಡು ಕನ್ನಡದ ಮನೆಯವರು ಸೇರಿದರೆ ಮಾತು ಅಲ್ಲಿಗೇ ಬರುತ್ತದೆ. ಚಾಪೆಲ್ ಹಿಲ್ (ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಇರುವ ಊರು) ಸಿಗುತ್ತಾ, ಜಾರ್ಜಿಯಾ ಟೆಕ್ ಹೇಗೆ, ಫ್ಲಾರಿಡಾ ಈಗ ಮುಂದೆ ಹೋಗಿದೆಯಂತೆ ಅಲ್ವಾ? ಎಲ್ಲರ ಬಾಯಲ್ಲೂ ಈ ವರ್ಷದ ರ‍್ಯಾಂಕು. ಈ ಪೈಪೋಟಿಗೆ ಎರಡು ನೂರು ವರ್ಷ ಮೀರಿದ ಇತಿಹಾಸ ಇದೆ. ಅದನ್ನು ಒಂದೇ ನೋಟಕ್ಕೆ ಕಾಣುವ ಹಾಗೆ ಮಾಡಬೇಕು ಅನ್ನುವುದು ನನ್ನ ಆಸೆ. ಮುಗಿದ ಮೇಲೆ ನಮ್ಮ ಕನ್ನಡ ಸಂಘದ ಮಕ್ಕಳಿಗೆ ತೋರಿಸುತ್ತೇನೆ.

ಜನವರಿ ಕೊನೆ

ಕೆಂಪು ಪಿನ್ನುಗಳು ಮುಗಿದವು. ಮೊದಲ ಜಗಳವೇ ಸೊಗಸಾಗಿದೆ. ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ರಾಜ್ಯದ ಸನ್ನದು ಸಿಕ್ಕಿದ್ದು 1785ರ ಜನವರಿ 27ರಂದು. ನಾರ್ತ್ ಕ್ಯಾರೊಲಿನಾಗೆ 1789ರಲ್ಲಿ. ಗೋಡೆ ಮೇಲೆ ಜಾರ್ಜಿಯಾ 4 ಸೆಂಟಿಮೀಟರ್ ಮುಂದಿದೆ. ಆದರೆ ಜಾರ್ಜಿಯಾದಲ್ಲಿ ಪಾಠ ಶುರುವಾಗಿದ್ದು 1801ರಲ್ಲಿ. ಚಾಪೆಲ್ ಹಿಲ್ ಬಾಗಿಲು ತೆರೆದದ್ದು 1795ರಲ್ಲಿ. ಈಗ ನೋಡಿದರೆ ನಾರ್ತ್ ಕ್ಯಾರೊಲಿನಾ 6 ಸೆಂಟಿಮೀಟರ್ ಮುಂದೆ. 'ದೇಶದ ಮೊದಲ ಸರ್ಕಾರಿ ವಿಶ್ವವಿದ್ಯಾಲಯ' ನಾವೇ ಅಂತ ಇಬ್ಬರೂ ಹೇಳಿಕೊಳ್ಳುವುದು ಈ ಹದಿನಾರು ಸೆಂಟಿಮೀಟರಿನ ಒಳಗಿನ ಕಥೆ. ಎರಡೂ ನಿಜ. ಒಬ್ಬರು ಕಾಗದದಿಂದ ಎಣಿಸುತ್ತಾರೆ, ಇನ್ನೊಬ್ಬರು ಬಾಗಿಲಿನಿಂದ. ನನ್ನ ಓಟು ಬಾಗಿಲಿಗೆ.

ವರ್ಜೀನಿಯಾದ ವಿಲಿಯಂ ಅಂಡ್ ಮೇರಿ 1693ರದ್ದು. ನನ್ನ ಕಾಗದ ಶುರುವಾಗುವುದಕ್ಕಿಂತ 92 ಸೆಂಟಿಮೀಟರ್ ಎಡಕ್ಕೆ, ಗ್ಯಾರೇಜಿನ ಬಾಗಿಲು ದಾಟಿ ಹೋಗಬೇಕು. ಆದರೆ ಅದು ಸರ್ಕಾರಿ ಕಾಲೇಜಾದದ್ದು 1906ರಲ್ಲಿ. ಅಲ್ಲಿಗೇ ಪಿನ್ನು ಹಾಕಿ, ಎಡಕ್ಕೆ ಒಂದು ಬಾಣ ಬರೆದೆ.

ಶನಿವಾರ ಚಾಪೆಲ್ ಹಿಲ್‌ಗೆ ಹೋಗಿ ಓಲ್ಡ್ ಈಸ್ಟ್ ಕಟ್ಟಡ ನೋಡಿ ಬಂದೆವು. 1793ರ ಅಕ್ಟೋಬರ್ 12ರಂದು ಇದಕ್ಕೆ ಅಡಿಗಲ್ಲು ಹಾಕಿದರು. ಅಮೆರಿಕದಲ್ಲಿ ರಾಜ್ಯ ವಿಶ್ವವಿದ್ಯಾಲಯಕ್ಕೆಂದೇ ಕಟ್ಟಿದ ಕಟ್ಟಡಗಳಲ್ಲಿ ಇದೇ ಹಳೆಯದು. ಈಗಲೂ ವಿದ್ಯಾರ್ಥಿಗಳು ಇರುವ ಹಾಸ್ಟೆಲು. ಕಿಟಕಿಯಲ್ಲಿ ಟವೆಲ್ ಒಣಗಿ ಹಾಕಿದ್ದರು. 1795ರಲ್ಲಿ ವಿಲ್ಮಿಂಗ್ಟನ್ ಕಡೆಯಿಂದ ಹಿಂಟನ್ ಜೇಮ್ಸ್ ಎಂಬ ಹುಡುಗ ನಡೆದೇ ಬಂದು ಮೊದಲ ವಿದ್ಯಾರ್ಥಿಯಾದ ಅಂತ ಇಲ್ಲಿ ಹೇಳುತ್ತಾರೆ. ಎರಡು ವಾರ ಅವನೊಬ್ಬನೇ ಇಡೀ ವಿಶ್ವವಿದ್ಯಾಲಯದ ವಿದ್ಯಾರ್ಥಿ.

ಅದೇ ಕ್ಯಾಂಪಸ್ಸಿನಲ್ಲಿ ಇನ್ನೊಂದು ಸ್ಮಾರಕ ಇದೆ. ಒಂದು ದುಂಡು ಕಲ್ಲಿನ ಮೇಜು, ಅದನ್ನು ಹೊತ್ತು ನಿಂತ ನೂರಾರು ಪುಟ್ಟ ಕಂಚಿನ ಮನುಷ್ಯರು. ಈ ವಿಶ್ವವಿದ್ಯಾಲಯ ಕಟ್ಟಲು ದುಡಿದ ಗುಲಾಮರಿಗೂ ಇತರ ಕಪ್ಪು ಜನರಿಗೂ ಅರ್ಪಿಸಿದ್ದು, 2005ರದ್ದು. ನನ್ನ ಮಗಳು ಅದರ ಮುಂದೆ ಕೂತು ಕೇಳಿದಳು: "ಅಪ್ಪ, ಇವರ ಮಕ್ಕಳಿಗೆ ಇಲ್ಲಿ ಸೀಟು ಯಾವಾಗ ಸಿಕ್ತು?" ಆ ಪ್ರಶ್ನೆಯಿಂದ ಚಾರ್ಟಿಗೆ ಹೊಸ ಬಣ್ಣ ಬೇಕಾಯಿತು.

ಫೆಬ್ರವರಿ

ಕಪ್ಪು ನೂಲು ತಂದೆ. ಬಾಗಿಲು ತೆರೆದ ವರ್ಷದಿಂದ, ಕಪ್ಪು ವಿದ್ಯಾರ್ಥಿಗೆ ಮೊದಲು ಪ್ರವೇಶ ಸಿಕ್ಕ ವರ್ಷದವರೆಗೆ ನೂಲು ಎಳೆದು ಕಟ್ಟುವುದು. ವರ್ಜೀನಿಯಾ, 1825ರಿಂದ 1950: 125 ಸೆಂಟಿಮೀಟರ್. ನಾರ್ತ್ ಕ್ಯಾರೊಲಿನಾ, 1795ರಿಂದ 1951: 156 ಸೆಂಟಿಮೀಟರ್. ಜಾರ್ಜಿಯಾ, 1801ರಿಂದ 1961: 160 ಸೆಂಟಿಮೀಟರ್. 1961ರ ಜನವರಿಯಲ್ಲಿ ಶಾರ್ಲೇನ್ ಹಂಟರ್ ಮತ್ತು ಹ್ಯಾಮಿಲ್ಟನ್ ಹೋಮ್ಸ್ ಅಲ್ಲಿಗೆ ಕಾಲಿಟ್ಟಾಗ ಗಲಾಟೆಯೇ ಆಯಿತು. ಎಂಟು ಅಡಿ ಕಾಗದದಲ್ಲಿ ಐದು ಅಡಿಗೂ ಜಾಸ್ತಿ ಕಪ್ಪು ನೂಲು. ಓದಿದಾಗ ಗೊತ್ತಿದ್ದ ವಿಷಯವೇ. ಕೈಯಲ್ಲಿ ನೂಲು ಎಳೆಯುವಾಗ ಮೈ ಜುಮ್ಮೆಂದಿತು.

ಇನ್ನು ಸೌತ್ ಕ್ಯಾರೊಲಿನಾ. ಇಡೀ ಗೋಡೆಯಲ್ಲಿ ನನಗೆ ತುಂಬಾ ಇಷ್ಟವಾದ ಪಟ್ಟಿ ಇದು. 1805ರಲ್ಲಿ ಪಾಠ ಶುರು. ಅಲ್ಲಿಂದ 1873ರವರೆಗೆ ನೂಲು. ಆಮೇಲೆ ನೂಲು ಕಡಿಯುತ್ತದೆ. ಅಂತರ್ಯುದ್ಧದ ನಂತರದ ಪುನರ್‌ನಿರ್ಮಾಣದ ಆ ದಿನಗಳಲ್ಲಿ, ದಕ್ಷಿಣದ ರಾಜ್ಯ ವಿಶ್ವವಿದ್ಯಾಲಯಗಳ ಪೈಕಿ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಪದವಿ ಕೊಟ್ಟದ್ದು ಇದೊಂದೇ. ಹಾರ್ವರ್ಡ್ ಕಾಲೇಜಿನ ಮೊದಲ ಕಪ್ಪು ಪದವೀಧರ ರಿಚರ್ಡ್ ಗ್ರೀನರ್ ಇಲ್ಲಿ ತತ್ವಶಾಸ್ತ್ರದ ಪ್ರೊಫೆಸರ್ ಆಗಿ ಬಂದರು. ಲೈಬ್ರರಿಯನ್ನೂ ನೋಡಿಕೊಂಡರು. ಪಾಠ ಹೇಳುತ್ತಲೇ ಇಲ್ಲೇ ಕಾನೂನು ಪದವಿಯನ್ನೂ ಮುಗಿಸಿದರು. 1877ರಲ್ಲಿ ರಾಜ್ಯದ ಅಧಿಕಾರ ಕೈ ಬದಲಾಯಿತು, ವಿಶ್ವವಿದ್ಯಾಲಯ ಮುಚ್ಚಿತು. 1880ರಲ್ಲಿ ಮತ್ತೆ ತೆರೆದಾಗ ಬಿಳಿಯರಿಗೆ ಮಾತ್ರ. ಹಾಗಾಗಿ 1877ರಿಂದ 1963ರವರೆಗೆ ಮತ್ತೆ ನೂಲು.

ಅಂದರೆ 4 ಸೆಂಟಿಮೀಟರಿನ ಖಾಲಿ ಜಾಗ, ಅದರ ಪಕ್ಕ 86 ಸೆಂಟಿಮೀಟರಿನ ಕಪ್ಪು. ಪ್ರತಿಷ್ಠೆ ಅಂತ ಏನಾದರೂ ಇದ್ದರೆ ಆ 4 ಸೆಂಟಿಮೀಟರಿನಲ್ಲಿ ಇದೆ ಅಂತ ನನ್ನ ನಂಬಿಕೆ. ಯಾವ ರ‍್ಯಾಂಕ್ ಪಟ್ಟಿಯಲ್ಲೂ ಅದಕ್ಕೆ ಅಂಕ ಇಲ್ಲ. ಗ್ರೀನರ್ ಪ್ರತಿಮೆ ಆ ಕ್ಯಾಂಪಸ್ಸಿನಲ್ಲಿ ಎದ್ದದ್ದು 2018ರಲ್ಲಿ.

ಮಾರ್ಚ್ ಮೊದಲ ವಾರ

ಟೆಕ್ಸಾಸ್ ಪಟ್ಟಿಗೆ ಒಂದು ಚೀಟಿ ಜಾಸ್ತಿ ಅಂಟಿಸಿದ್ದೇನೆ. 1946ರಲ್ಲಿ ಹೀಮನ್ ಸ್ವೆಟ್ ಎಂಬ ಅಂಚೆ ನೌಕರ ಟೆಕ್ಸಾಸ್ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಅರ್ಜಿ ಹಾಕಿದರು. ಕಪ್ಪು ಮನುಷ್ಯ ಅನ್ನುವ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಕೇಸು ಹಾಕಿದ ಮೇಲೆ ರಾಜ್ಯ ತರಾತುರಿಯಲ್ಲಿ ಕಪ್ಪು ಜನರಿಗೆಂದು ಬೇರೆಯೇ ಒಂದು ಕಾನೂನು ಶಾಲೆ ತೆರೆಯಿತು. ವಕೀಲ ಥರ್ಗುಡ್ ಮಾರ್ಷಲ್ ಈ ಕೇಸನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದರು. 1950ರ ತೀರ್ಪಿನಲ್ಲಿ ಕೋರ್ಟು ಪುಸ್ತಕ, ಪ್ರೊಫೆಸರುಗಳ ಸಂಖ್ಯೆ ಇಷ್ಟನ್ನೇ ಎಣಿಸಿ ಬಿಡಲಿಲ್ಲ. ಅಧ್ಯಾಪಕರ ಹೆಸರು, ಹಳೆಯ ವಿದ್ಯಾರ್ಥಿಗಳ ಪ್ರಭಾವ, ಸಮಾಜದಲ್ಲಿರುವ ಸ್ಥಾನ, ಪರಂಪರೆ, ಪ್ರತಿಷ್ಠೆ, ಇವನ್ನು ಅಳೆಯಲು ಆಗದಿದ್ದರೂ ಒಂದು ಕಾನೂನು ಶಾಲೆಯನ್ನು ದೊಡ್ಡದು ಮಾಡುವುದು ಇವೇ ಎಂದಿತು. ಹೊಸ ಶಾಲೆಗೆ ಅದು ಯಾವುದೂ ಇಲ್ಲ, ಹಾಗಾಗಿ ಸ್ವೆಟ್‌ಗೆ ಸಮಾನ ಅವಕಾಶ ಸಿಕ್ಕಿಲ್ಲ ಎಂದು ಒಳಗೆ ಸೇರಿಸಿಕೊಳ್ಳಲು ಹೇಳಿತು.

ಇದು ನನಗೆ ಈ ಇಡೀ ಕೆಲಸದ ಜೀವಾಳ. ಪ್ರತಿಷ್ಠೆ ಅಂದರೆ ಸುಮ್ನೆ ಹೆಮ್ಮೆ ಪಡುವ ವಿಷಯ ಅಂತ ನಾವು ಮಾತಾಡುತ್ತೇವೆ. ಅದನ್ನು ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ತಪ್ಪಿಸಬಹುದು, ತಪ್ಪಿಸಿದರೆ ಅನ್ಯಾಯ ಅಂತ ದೇಶದ ದೊಡ್ಡ ಕೋರ್ಟೇ ಬರೆದಿಟ್ಟಿದೆ. ಚಾಪೆಲ್ ಹಿಲ್ ಕಾನೂನು ಶಾಲೆಯ ಬಾಗಿಲು ಕಪ್ಪು ವಿದ್ಯಾರ್ಥಿಗಳಿಗೆ 1951ರಲ್ಲಿ ತೆರೆದದ್ದೂ ಇದೇ ತೀರ್ಪಿನ ಬಲದಿಂದ.

ಮಾರ್ಚ್ ಕೊನೆ

ನೀಲಿ ಪಿನ್ನುಗಳು. ಅಮೆರಿಕದಲ್ಲಿ ಸಂಶೋಧನಾ ವಿಶ್ವವಿದ್ಯಾಲಯಗಳದ್ದೇ ಒಂದು ಕೂಟ ಇದೆ, ಎಎಯು ಅಂತ. 1900ರಲ್ಲಿ ಹುಟ್ಟಿದ್ದು. ಅವರು ಕರೆದರೆ ಮಾತ್ರ ಸದಸ್ಯತ್ವ. ದಕ್ಷಿಣದಿಂದ ವರ್ಜೀನಿಯಾ 1904ರಲ್ಲಿ, ನಾರ್ತ್ ಕ್ಯಾರೊಲಿನಾ 1922ರಲ್ಲಿ, ಟೆಕ್ಸಾಸ್ 1929ರಲ್ಲಿ ಸೇರಿದವು. ಆಮೇಲೆ ಫ್ಲಾರಿಡಾ 1985, ಟೆಕ್ಸಾಸ್ ಎ ಅಂಡ್ ಎಂ 2001, ಜಾರ್ಜಿಯಾ ಟೆಕ್ 2010. (ಮೇರಿಲ್ಯಾಂಡನ್ನು ದಕ್ಷಿಣ ಅಂತ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ವಾದ ಮಾಡುವವರು ಮಾಡಬಹುದು.) 1785ರ ಸನ್ನದಿನ ಜಾರ್ಜಿಯಾ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ನೀಲಿ ಪಿನ್ನೇ ಇಲ್ಲ. 1956ರಲ್ಲಿ ಹುಟ್ಟಿದ ಸೌತ್ ಫ್ಲಾರಿಡಾಗೆ 2023ರಲ್ಲಿ ಸಿಕ್ಕಿತು. ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ.

ಜಾರ್ಜಿಯಾ ಪಟ್ಟಿಯಲ್ಲಿ 1941ಕ್ಕೆ ಬೇರೆಯದೇ ಚೀಟಿ ಇದೆ. ಗವರ್ನರ್ ಯೂಜಿನ್ ಟಾಲ್ಮಜ್ ಅಲ್ಲಿನ ಶಿಕ್ಷಣ ವಿಭಾಗದ ಡೀನ್ ವಾಲ್ಟರ್ ಕಾಕಿಂಗ್ ಅವರನ್ನು ತೆಗೆಸಿದರು. ಕಪ್ಪು ಮತ್ತು ಬಿಳಿಯರನ್ನು ಒಟ್ಟಿಗೆ ಕೂರಿಸುವ ಯೋಚನೆ ಅವರಿಗಿದೆ ಎಂಬುದು ಆರೋಪ. ದಕ್ಷಿಣದ ಕಾಲೇಜುಗಳ ಮಾನ್ಯತಾ ಸಂಸ್ಥೆ ಜಾರ್ಜಿಯಾದ ಬಿಳಿಯರ ಸರ್ಕಾರಿ ಕಾಲೇಜುಗಳ ಮಾನ್ಯತೆಯನ್ನೇ ಕಿತ್ತುಕೊಂಡಿತು. ಡಿಗ್ರಿಗೆ ಬೆಲೆ ಇಲ್ಲದಂತಾಗುತ್ತದೆ ಅಂತ ವಿದ್ಯಾರ್ಥಿಗಳು ಬೀದಿಗೆ ಬಂದರು. 1942ರ ಚುನಾವಣೆಯಲ್ಲಿ ಎಲಿಸ್ ಆರ್ನಾಲ್ ಟಾಲ್ಮಜ್‌ರನ್ನು ಸೋಲಿಸಿದರು. ಆಡಳಿತ ಮಂಡಳಿ ಗವರ್ನರ್ ಕೈಗೊಂಬೆ ಆಗದಂತೆ 1945ರ ಸಂವಿಧಾನದಲ್ಲೇ ಬರೆದರು. ವಿಶ್ವವಿದ್ಯಾಲಯದ ಮರ್ಯಾದೆ ಹೋದರೆ ಕುರ್ಚಿಯೂ ಹೋಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಏಪ್ರಿಲ್

ಹಸಿರು ಬೇಗ ಮುಗಿಯಿತು. ಟೆಕ್ಸಾಸಿನ ಪಶ್ಚಿಮದ ಒಣ ಭೂಮಿಯನ್ನು ವಿಶ್ವವಿದ್ಯಾಲಯದ ಹೆಸರಿಗೆ ಬರೆದಿಟ್ಟಿದ್ದರು. 1923ರಲ್ಲಿ ಅಲ್ಲಿ ಸಾಂಟಾ ರೀಟಾ ಬಾವಿಯಲ್ಲಿ ತೈಲ ಚಿಮ್ಮಿತು. ಬಂದ ಆದಾಯದಲ್ಲಿ ಮೂರರಲ್ಲಿ ಎರಡು ಪಾಲು ಟೆಕ್ಸಾಸ್‌ಗೆ, ಒಂದು ಪಾಲು ಎ ಅಂಡ್ ಎಂಗೆ. ಜಾರ್ಜಿಯಾ 1993ರಲ್ಲಿ ಲಾಟರಿ ದುಡ್ಡಿನಿಂದ ಹೋಪ್ ಸ್ಕಾಲರ್‌ಶಿಪ್ ಶುರುಮಾಡಿ, ಒಳ್ಳೆಯ ಅಂಕದ ಮಕ್ಕಳನ್ನು ರಾಜ್ಯದಲ್ಲೇ ಉಳಿಸಿಕೊಂಡಿತು. ಫ್ಲಾರಿಡಾ 1997ರಲ್ಲಿ ಅದೇ ದಾರಿ ಹಿಡಿಯಿತು. ನಾರ್ತ್ ಕ್ಯಾರೊಲಿನಾ 1986ರಲ್ಲಿ ಮೊದಲ ವರ್ಷಕ್ಕೆ ಸೇರುವವರಲ್ಲಿ ಹೊರರಾಜ್ಯದವರು 18 ಶೇಕಡಾ ಮೀರಬಾರದು ಅಂತ ನಿಯಮ ತಂದಿತು. ಪ್ರತಿಷ್ಠೆ ಬೇಕು ಅಂತ ಹೊರಗಿನವರಿಗೆ ಬಾಗಿಲು ಅಗಲ ಮಾಡುವುದಕ್ಕಿಂತ ಇದು ದೊಡ್ಡ ನಿರ್ಧಾರ. ಇಲ್ಲಿ ತೆರಿಗೆ ಕಟ್ಟುವ ಅಪ್ಪನಾಗಿ ನಾನಂತೂ ಇದರ ಪರ.

ರ‍್ಯಾಂಕುಗಳಿಗೆ ಒಂದೇ ಮೂಲೆ ಕೊಟ್ಟಿದ್ದೇನೆ. ಯುಎಸ್ ನ್ಯೂಸ್ ಪತ್ರಿಕೆಯ ಪಟ್ಟಿಯಲ್ಲಿ ಒಂದು ಭಾಗ, ಅಧ್ಯಕ್ಷರು ಮತ್ತು ಡೀನುಗಳು ಬೇರೆ ವಿಶ್ವವಿದ್ಯಾಲಯಗಳಿಗೆ ಕೊಡುವ ಅಂಕ. 2009ರಲ್ಲಿ ಫ್ಲಾರಿಡಾದ ಅಧ್ಯಕ್ಷ ಬರ್ನಿ ಮೇಚನ್ ತುಂಬಿದ ಫಾರಂ ಪತ್ರಕರ್ತರ ಕೈಗೆ ಸಿಕ್ಕಿತು. ಫ್ಲಾರಿಡಾಗೆ ಹಾರ್ವರ್ಡ್‌ನಷ್ಟೇ ಅಂಕ, ರಾಜ್ಯದ ಬೇರೆ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಕಡಿಮೆ. 2021ರಲ್ಲಿ ಫ್ಲಾರಿಡಾ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಐದನೆಯ ಸ್ಥಾನಕ್ಕೆ ಬಂತು, ನಾರ್ತ್ ಕ್ಯಾರೊಲಿನಾ ಜೊತೆ ಸರಿಸಮ. ಅಲ್ಲಿ ಒಳ್ಳೆಯ ಕೆಲಸ ನಡೆದಿದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ನೆರೆಯವರಿಗೆ ಕೊಡುವ ಅಂಕ ತನ್ನದೇ ಸ್ಥಾನವನ್ನು ಮೇಲೆ ಕೆಳಗೆ ಮಾಡುವಾಗ, ಆ ಅಂಕವನ್ನು ನಾನು ನಂಬುವುದಿಲ್ಲ.

ಈಗ ಉಳಿದಿರುವುದು

ಕೆಳಗೆ ಇನ್ನೊಂದು ಸಾಲು ಕಾಗದ ಅಂಟಿಸಬೇಕು. ಕಪ್ಪು ವಿದ್ಯಾರ್ಥಿಗಳಿಗಾಗಿ ಕಟ್ಟಿದ ಸರ್ಕಾರಿ ವಿಶ್ವವಿದ್ಯಾಲಯಗಳು ಮೇಲಿನ ಸಾಲಿನಲ್ಲಿ ಕಳೆದುಹೋಗಬಾರದು. ಗ್ರೀನ್ಸ್‌ಬರೋದ ನಾರ್ತ್ ಕ್ಯಾರೊಲಿನಾ ಎ ಅಂಡ್ ಟಿ ಇದೆ. ಟ್ಯಾಲಹಸಿಯ ಫ್ಲಾರಿಡಾ ಎ ಅಂಡ್ ಎಂ ಇದೆ. ಈ ಫ್ಲಾರಿಡಾ ಎ ಅಂಡ್ ಎಂನ ಕಾನೂನು ಶಾಲೆ 1968ರಲ್ಲಿ ಮುಚ್ಚಿತು. ಅದೇ ಊರಿನ ಫ್ಲಾರಿಡಾ ಸ್ಟೇಟ್‌ನಲ್ಲಿ ಎರಡು ವರ್ಷ ಮೊದಲೇ ಹೊಸ ಕಾನೂನು ಶಾಲೆ ತೆರೆದಿದ್ದರು. 2002ರಲ್ಲಿ ಒರ್ಲಾಂಡೋದಲ್ಲಿ ಅದು ಮತ್ತೆ ಶುರುವಾಯಿತು. 2023ರಲ್ಲಿ ಕೇಂದ್ರದ ಶಿಕ್ಷಣ ಮತ್ತು ಕೃಷಿ ಕಾರ್ಯದರ್ಶಿಗಳು 16 ರಾಜ್ಯಗಳ ಗವರ್ನರುಗಳಿಗೆ ಪತ್ರ ಬರೆದು, ಇಂಥ 'ಲ್ಯಾಂಡ್ ಗ್ರಾಂಟ್' (ಕೇಂದ್ರದ ಭೂಮಿ ಅಥವಾ ಹಣದ ನೆರವಿನ ಕಾಯ್ದೆಯಡಿ ಬಂದ) ವಿಶ್ವವಿದ್ಯಾಲಯಗಳಿಗೆ 1,200 ಕೋಟಿ ಡಾಲರಿಗೂ ಜಾಸ್ತಿ ಅನುದಾನ ಬಾಕಿ ಬಿದ್ದಿದೆ ಎಂದರು.

ಆ ಬಾಕಿಗೆ ಯಾವ ಬಣ್ಣದ ಪಿನ್ನು ಹಾಕಬೇಕು ಅಂತ ಮಗಳೂ ನಾನೂ ಇನ್ನೂ ಮಾತಾಡುತ್ತಿದ್ದೇವೆ. ಅವಳು ಹಸಿರು ನೂಲು ಅನ್ನುತ್ತಾಳೆ, ಮೇಲಿನ ಪಟ್ಟಿಯಿಂದ ಕೆಳಗಿನ ಪಟ್ಟಿಗೆ ಎಳೆದು ಕಟ್ಟುವ ಹಾಗೆ. ರೋಲಿನಲ್ಲಿ ಕಾಗದ ಸಾಕಾಗುವುದಿಲ್ಲ, ಈ ವಾರ ಇನ್ನೊಂದು ತರಬೇಕು.