ಅಕ್ಕನ ಹೆಸರಿಗೆ ಬಂದ ಸಮನ್ಸ್

ಕಾರವಾರದ ಕೋರ್ಟಿನಿಂದ ಅಮೀನರು ಸಮನ್ಸ್ ಹಿಡಿದು ಬಂದಾಗ ಅಕ್ಕ ಸಹಿ ಹಾಕಲು ಒಪ್ಪಲಿಲ್ಲ. ಅಂಗಡಿಯ ಒಳಕೋಣೆಗೆ ಹೋಗಿ ಕೂತುಬಿಟ್ಟಳು. ಅವಳು ಹಾಗೆ ಮಾಡಿದ್ದಕ್ಕೆ ಕಾರಣವಿತ್ತು. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಅವಳ ವಾಟ್ಸಾಪ್‌ಗೆ ಎಂಥೆಂಥ ಕಾಗದ ಬಂದಿದ್ದವು ಅಂತೀರಿ! ಮೇಲೆ ತಕ್ಕಡಿಯ ಚಿತ್ರ, ಕೆಳಗೆ ಕೆಂಪು ಅಕ್ಷರದಲ್ಲಿ ‘ಬಂಧನ ವಾರಂಟ್’. ನಾಳೆ ಪೊಲೀಸರು ಮನೆಗೆ ಬರುತ್ತಾರೆ ಎಂಬ ಹಿಂದಿ ಧ್ವನಿ ಸಂದೇಶ. ಎಲ್ಲವನ್ನೂ ಕಳಿಸಿದ್ದು ಅವಳ ಕ್ರೆಡಿಟ್ ಕಾರ್ಡ್ ಬಾಕಿಗಾಗಿ ಬೆನ್ನು ಬಿದ್ದಿದ್ದ ಬ್ಯಾಂಕಿನ ವಸೂಲಿ ಏಜೆಂಟರು. ಒಂದರಲ್ಲೂ ಕೇಸ್ ನಂಬರ್ ಇರಲಿಲ್ಲ. ಅಷ್ಟು ಸುಳ್ಳು ಕಾಗದ ನೋಡಿದವಳಿಗೆ ನಿಜವಾದ ಸಮನ್ಸ್ ಕೂಡ ಸುಳ್ಳಾಗಿಯೇ ಕಂಡಿತು. ಕೊಟ್ಟ ಸಾಲ ವಾಪಸ್ ಕೇಳುವುದು ಬ್ಯಾಂಕಿನ ಹಕ್ಕು, ಒಪ್ಪುತ್ತೇನೆ. ಆದರೆ ಕೋರ್ಟಿನ ಹೆಸರಲ್ಲಿ ಹೆದರಿಸಿ, ಕೊನೆಗೆ ಜನ ಕೋರ್ಟನ್ನೇ ನಂಬದ ಹಾಗೆ ಮಾಡುವುದಿದೆಯಲ್ಲ, ಅದಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಕ್ಕನದು ಸದಾಶಿವಗಡದಲ್ಲಿ ಹೊಲಿಗೆ ಅಂಗಡಿ. ಖಾತೆಯ ವಹಿವಾಟು ನೋಡಿ ಬ್ಯಾಂಕಿನವರೇ ಕರೆದು ಕ್ರೆಡಿಟ್ ಕಾರ್ಡ್ ಕೊಟ್ಟಿದ್ದರು. ಅಮ್ಮನ ಆಪರೇಷನ್‌ಗೆಂದು ಮಂಗಳೂರಿಗೆ ಹೋದಾಗ ಅದರಲ್ಲಿ 72,000 ರೂಪಾಯಿ ಉಜ್ಜಿದಳು. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರು, ಮಣಿಪಾಲ ಇಲ್ಲವೇ ಗೋವಾ ಅಲ್ವಾ? ಬಿಲ್ಲಿನಲ್ಲಿ ತೋರಿಸುವ ಕನಿಷ್ಠ ಮೊತ್ತವನ್ನೇ ಕಟ್ಟುತ್ತಾ ಹೋದಳು. ಬಡ್ಡಿ ತಿಂಗಳಿಗೆ ಶೇ 3.5. ಅಂದರೆ ವರ್ಷಕ್ಕೆ 42. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧವಾದರೆ ಬೈತಖೋಲ್ ಬಂದರೇ ಖಾಲಿ. ಅಕ್ಕನಲ್ಲಿ ಬಟ್ಟೆ ಹೊಲಿಸುವವರಲ್ಲಿ ಮೀನುಗಾರರ ಮನೆಯವರೇ ಜಾಸ್ತಿ. ಅಂಥ ಒಂದು ಮಳೆಗಾಲದಲ್ಲಿ ಕಂತು ನಿಂತಿತು.

ಸಮನ್ಸ್‌ನಲ್ಲಿದ್ದ ಕೇಸ್ ನಂಬರನ್ನು ನಾನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದೆ. ಅಕ್ಕನ ಹೆಸರು, ಬ್ಯಾಂಕಿನ ಹೆಸರು, ಮುಂದಿನ ತಾರೀಖು ಎಲ್ಲವೂ ಬಂತು. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದು ಸಿಕ್ಕಿದ ಮೇಲೆ ಸಂಶಯಕ್ಕೆ ಜಾಗವಿರಲಿಲ್ಲ. ಇದು ಹಣ ವಸೂಲಿಯ ಸಿವಿಲ್ ದಾವೆ. ಬ್ಯಾಂಕ್ ಕೇಳಿದ್ದು 1,64,000 ರೂಪಾಯಿ. ಹೋಗದಿದ್ದರೆ ನಮ್ಮ ಮಾತು ಕೇಳದೆಯೇ ಏಕಪಕ್ಷೀಯವಾಗಿ ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ಆಗುತ್ತದೆ. ಆಮೇಲೆ ಅಮಲ್ಜಾರಿ, ಅಂದರೆ ಆ ಡಿಕ್ರಿಯನ್ನು ಜಾರಿ ಮಾಡಿಸುವುದು, ಖಾತೆ ಜಪ್ತಿ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋದೆವು. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ನಮಗೆ ಸಿಕ್ಕಿದ ವಕೀಲೆ ಅಕ್ಕನ ಜೊತೆ ಕೊಂಕಣಿಯಲ್ಲೇ ಮಾತು ಶುರು ಮಾಡಿದರು. ಅಕ್ಕ ಮೊದಲು ಕೇಳಿದ್ದು ಜೈಲಿನ ವಿಷಯ. ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂ ಪ್ರಕಾರ ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ ಎಂದರು. ಗಂಡಸರನ್ನೂ ಬರೀ ಬಡತನದಿಂದ ಕಟ್ಟಲಾಗದ್ದಕ್ಕೆ ಜೈಲಿಗೆ ಹಾಕಲಾಗದು, 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಎಂದರು. ಅಕ್ಕ ಅಲ್ಲೇ ಅತ್ತಳು. ಎಷ್ಟು ರಾತ್ರಿಯ ಹೆದರಿಕೆ ಅದು!

ಆಮೇಲೆ ಅವರು ನೋಡಿದ್ದು ತಾರೀಖು. ಇಂಥ ದಾವೆ ಹಾಕಲು ಬ್ಯಾಂಕಿಗೆ ಮೂರು ವರ್ಷದ ಗಡುವು. ಬ್ಯಾಂಕ್ ಅದರೊಳಗೇ ಇತ್ತು. ಅಲ್ಲಿ ನಮಗೆ ದಾರಿಯಿರಲಿಲ್ಲ. ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚಿನ ಬಡ್ಡಿ ತಪ್ಪು ಎಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತಲ್ಲ ಎಂದು ನಾನು ಕೇಳಿದೆ. ಆ ಆದೇಶವನ್ನು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದೆ ಎಂದರು. ಉಳಿದದ್ದು ಲೆಕ್ಕ. ದಾವೆಯ ಜೊತೆಗಿದ್ದ ಖಾತೆ ವಿವರವನ್ನು ಅವರು ಸಾಲು ಸಾಲಾಗಿ ಓದಿದರು. ಕಟ್ಟದ ಶುಲ್ಕ, ತೆರಿಗೆಗಳನ್ನು ಬಾಕಿಗೆ ಸೇರಿಸಿ ಅದಕ್ಕೂ ಬಡ್ಡಿ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿರ್ದೇಶನ ಕೊಟ್ಟಿದೆ. ಇಲ್ಲಿ ತಡಪಾವತಿ ಶುಲ್ಕಕ್ಕೂ ಬಡ್ಡಿ ಬಿದ್ದಿತ್ತು. ಅಕ್ಕ ಲಿಂಕ್ ಮೂಲಕ ಕಟ್ಟಿದ್ದ ಒಂದು ಕಂತು ಜಮೆಯಾಗಿಯೇ ಇರಲಿಲ್ಲ. ಏಜೆಂಟನೊಬ್ಬ ತನ್ನ ಸ್ವಂತ ಕ್ಯೂಆರ್‌ಗೆ ಹಾಕಿಸಿಕೊಂಡಿದ್ದ 5,000 ಕೂಡ ಇರಲಿಲ್ಲ.

ತಾರೀಖಿನ ದಿನ ಬೇಗನೇ ಹೊರಟೆವು. ಸದಾಶಿವಗಡದಿಂದ ಕಾರವಾರಕ್ಕೆ ದಾಟಬೇಕಾದ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದಿದೆ. ಎರಡೂ ಕಡೆಯ ವಾಹನಗಳು ಒಂದೇ ಸೇತುವೆಯ ಮೇಲೆ. ಹೆಸರು ಕೂಗುವಾಗ ನಾವಿಲ್ಲದಿದ್ದರೆ ಎಂಬ ಆತಂಕ. ಕೋರ್ಟ್ ಹಾಲ್‌ನಲ್ಲಿ ಕೆಲಸ ಆದದ್ದು ಎರಡೇ ನಿಮಿಷ. ವಕೀಲೆ ವಕಾಲತ್ತು ಹಾಕಿ ಲಿಖಿತ ಹೇಳಿಕೆಗೆ, ಅಂದರೆ ದಾವೆಗೆ ನಮ್ಮ ಉತ್ತರಕ್ಕೆ, ಸಮಯ ಕೇಳಿದರು. ಅದಕ್ಕೆ 30 ದಿನ, ಕೋರ್ಟ್ ಒಪ್ಪಿದರೆ 90ರವರೆಗೆ. ನ್ಯಾಯಾಧೀಶರು ಅಕ್ಕನನ್ನೇ ನೋಡಿ, ರಾಜಿಗೆ ಮನಸ್ಸಿದೆಯೇ ಎಂದು ಕೇಳಿದರು. ಇದೆ, ಆದರೆ ಲೆಕ್ಕ ಸರಿಯಿಲ್ಲ ಎಂದಳು ಅಕ್ಕ. ಧ್ವನಿ ನಡುಗುತ್ತಿತ್ತು. ಆದರೂ ಹೇಳಿದಳು. ಆ ದಿನದ್ದರಲ್ಲಿ ನನಗೆ ನೆನಪಿರುವುದು ಆ ಮಾತು. ಅಷ್ಟು ತಿಂಗಳು ಫೋನಿನಲ್ಲಿ ಬೈಗುಳ ಕೇಳಿದವಳಿಗೆ ಮೊದಲ ಸಲ ಒಬ್ಬರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದಿದ್ದರು.

ರಾಜಿ ಮಾತುಕತೆ ನಡೆದದ್ದು ಲೋಕ ಅದಾಲತ್‌ನಲ್ಲಿ. ಅಲ್ಲಿ ಬ್ಯಾಂಕಿನ ಪ್ರತಿನಿಧಿ ಮೊದಲು ಜಗ್ಗಲಿಲ್ಲ. ವಕೀಲೆ ಖಾತೆ ವಿವರದ ಗುರುತು ಹಾಕಿದ ಸಾಲುಗಳನ್ನು ಮುಂದಿಟ್ಟರು. ಆತ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದ. 96,000ಕ್ಕೆ ಒಪ್ಪಂದವಾಯಿತು. ತಿಂಗಳಿಗೆ 8,000, ಒಂದು ವರ್ಷ. ಕೊನೆಯ ಕಂತಾದ ಮೇಲೆ ಬಾಕಿ ಇಲ್ಲ ಎಂಬ ಪತ್ರ ಕೊಡಬೇಕು ಎಂದೂ ರಾಜಿಪತ್ರದಲ್ಲಿ ಬರೆಸಿದೆವು. ಅದಾಲತ್‌ನ ಅವಾರ್ಡ್, ಅಂದರೆ ರಾಜಿಯ ಆದೇಶ, ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕಂತು ತಪ್ಪಿದರೆ ಬ್ಯಾಂಕ್ ನೇರ ಅಮಲ್ಜಾರಿಗೆ ಹೋಗಬಹುದು. ಸಾಲದ ಚರಿತ್ರೆ ದಾಖಲಿಸುವ ಸಿಬಿಲ್‌ನಲ್ಲಿ ‘ಸೆಟಲ್ಡ್’ (ಪೂರ್ತಿ ಕಟ್ಟದೆ ರಾಜಿಯಾದದ್ದು) ಎಂದು ಬೀಳುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ ಎಂದೂ ವಕೀಲೆ ಸಹಿಗೆ ಮೊದಲೇ ಹೇಳಿದರು. ಅಕ್ಕ ಎಲ್ಲ ಕೇಳಿಯೇ ಸಹಿ ಹಾಕಿದಳು.

ಏಜೆಂಟನ ಕ್ಯೂಆರ್‌ಗೆ ಹೋದ 5,000ವನ್ನು ಬ್ಯಾಂಕ್ ಒಪ್ಪಲೇ ಇಲ್ಲ, ಅದು ನಮ್ಮ ಖಾತೆಯಲ್ಲ ಎಂದಿತು. ಹಾಗಾಗಿ ಅದನ್ನು ರಾಜಿಪತ್ರದಿಂದ ಹೊರಗಿಡಿಸಿದೆವು. ಹಣ ಹೋದ ದಾಖಲೆ, ಅವನ ನಂಬರ್, ರಾತ್ರಿ ಹತ್ತರ ಮೇಲೆ ಬಂದ ಕರೆಗಳ ಪಟ್ಟಿ ಸೇರಿಸಿ ಬ್ಯಾಂಕಿಗೂ ಪೊಲೀಸ್ ಠಾಣೆಗೂ ಲಿಖಿತ ದೂರು ಕೊಟ್ಟಿದ್ದೇವೆ. ಸಂಜೆ 7ರ ನಂತರ, ಬೆಳಿಗ್ಗೆ 8ರ ಮೊದಲು ವಸೂಲಿ ಕರೆ ಮಾಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನದೇ ನಿಯಮ. ಎರಡೂ ದೂರಿಗೆ ಸ್ವೀಕೃತಿ ಸಿಕ್ಕಿದೆ, ಉತ್ತರ ಇನ್ನೂ ಬಂದಿಲ್ಲ.