ವುದರಿಂಗ್ ಹೈಟ್ಸ್ ಪಾತ್ರಗಳ ಶೀಟ್: ಹೇರ್ಟನ್ ಭಾಗ ಮುಗೀತು

ಎಮಿಲಿ ಬ್ರಾಂಟಿಯ ವುದರಿಂಗ್ ಹೈಟ್ಸ್ ಕಾದಂಬರಿ ಇಟ್ಕೊಂಡು ಒಂದೊಂದು ಪಾತ್ರ ಹೇಗೆ ಬದಲಾಗ್ತಾ ಹೋಗುತ್ತೆ ಅಂತ ಒಂದು ಶೀಟ್ ಮಾಡ್ತಾ ಇದೀನಲ್ಲ, ಹೋದ ಸಲ ಅರ್ನ್‌ಷಾ ಮನೇಲಿ ಬೆಳೆದ ಅನಾಥ ಹೀತ್‌ಕ್ಲಿಫ್ ಭಾಗ ಹಾಕಿದ್ದೆ, ಈ ಸಲ ಆ ಮನೆಯ ಮೊಮ್ಮಗ ಹೇರ್ಟನ್ ಅರ್ನ್‌ಷಾ. ಇವನನ್ನ ಸುಮಾರು ಜನ ಲೆಕ್ಕಕ್ಕೇ ತಗೊಳಲ್ಲ. 1939ರ ಸಿನಿಮಾದಲ್ಲಂತೂ ಎರಡನೇ ತಲೆಮಾರಿನ ಕಥೇನೇ ಇಲ್ಲ. ಆದ್ರೆ ಶೀಟ್ ತುಂಬ್ತಾ ಹೋದ ಹಾಗೆ ನಂಗೆ ಗಟ್ಟಿಯಾಗಿ ಅನ್ಸಿದ್ದು, ಈ ಪುಸ್ತಕದಲ್ಲಿ ಇವನಷ್ಟು ಬೆಳೆಯೋ ಮನುಷ್ಯ ಇನ್ನೊಬ್ಬ ಇಲ್ಲ. ಹೀತ್‌ಕ್ಲಿಫ್ ಕಲ್ಲಾಗ್ತಾನೆ, ಆಮೇಲೆ ಸವೆದು ಹೋಗ್ತಾನೆ, ಅದನ್ನ ಬೆಳೆಯೋದು ಅನ್ನಕ್ಕೆ ನಂಗೆ ಮನಸ್ಸಿಲ್ಲ.

ಶೀಟ್‌ನಲ್ಲಿ ಕಾಲಂಗಳು ಹಳೇವೇ: ಅಧ್ಯಾಯ, ವರ್ಷ, ವಯಸ್ಸು, ಯಾರು ಹೇಳ್ತಾ ಇದಾರೆ, ಅವನು ಏನ್ ಮಾಡ್ದ. ಮನಸ್ಸಲ್ಲಿ ಏನ್ ಅಂದ್ಕೊಂಡ ಅನ್ನೋ ಕಾಲಂ ಬೇಕಂತಲೇ ಇಟ್ಟಿಲ್ಲ, ಯಾಕಂದ್ರೆ ಕಥೆ ಬಹುಪಾಲು ಕೆಲಸದ ಹೆಂಗಸು ನೆಲ್ಲಿ ಹೇಳಿದ್ದು, ಅದನ್ನ ಬಾಡಿಗೆಗೆ ಬಂದ ಲಾಕ್‌ವುಡ್ ಬರ್ಕೊಂಡಿದ್ದು, ಹೇರ್ಟನ್ ತಲೆಯೊಳಗೆ ಯಾರೂ ಹೋಗೋದೇ ಇಲ್ಲ. ಅವನ ಕೈ ಏನ್ ಮಾಡ್ತು ಅಂತ ನೋಡಿನೇ ಎಲ್ಲಾ ತಿಳ್ಕೋಬೇಕು. ವರ್ಷಗಳಿಗೆ ಸಿ. ಪಿ. ಸ್ಯಾಂಗರ್ 1926ರಲ್ಲಿ ಪ್ರಕಟಿಸಿದ ಲೆಕ್ಕಾನೇ ಆಧಾರ. ಅವರು ವಕೀಲರು, ಕಾದಂಬರಿಯಲ್ಲಿ ಅಲ್ಲಲ್ಲಿ ಸಿಗೋ ವಯಸ್ಸು, ತಿಂಗಳು, ಹಬ್ಬ ಹಿಡ್ಕೊಂಡು ಇಡೀ ಕಾಲಾನುಕ್ರಮ ಕಟ್ಟಿದಾರೆ, ಆ ಕೆಲಸ ನೋಡಿದ್ರೆ ಎಮಿಲಿ ಎಷ್ಟು ಕರಾರುವಾಕ್ಕಾಗಿ ಬರೆದಿದಾಳೆ ಅಂತ ಗೊತ್ತಾಗುತ್ತೆ.

ಹೇರ್ಟನ್ ಹುಟ್ಟಿದ್ದು 1778ರ ಜೂನ್. ತಾಯಿ ಬೇಗ ಸತ್ತು ಹೋಗ್ತಾಳೆ, ಅಪ್ಪ ಹಿಂಡ್ಲಿ ಕುಡಿತಕ್ಕೆ ಬೀಳ್ತಾನೆ, ಒಂದ್ಸಲ ಕುಡಿದು ಮಹಡಿಯಿಂದ ಮಗೂನ ಕೈಬಿಟ್ಟೇ ಬಿಡ್ತಾನೆ, ಕೆಳಗೆ ಬರ್ತಾ ಇದ್ದ ಹೀತ್‌ಕ್ಲಿಫ್ ಯೋಚನೆ ಮಾಡೋಕೂ ಮುಂಚೆ ಹಿಡ್ಕೊಂಡ್ಬಿಡ್ತಾನೆ. ಆಮೇಲೆ ಅದು ಯಾರ ಮಗು ಅಂತ ನೋಡಿ ಹಿಡಿದಿದ್ದಕ್ಕೇ ಹೊಟ್ಟೆ ಉರ್ಕೊಳ್ತಾನೆ.

ಈ ಸಲ ಹೊಸದಾಗಿ ಸಿಕ್ಕಿದ್ದು ಅಕ್ಷರದ ಎಳೆ. ಮೊದಲು ಸಿಗೋದು 9ನೇ ಅಧ್ಯಾಯದ ಕೊನೆಯಲ್ಲಿ, ಒಂದೇ ಸಾಲು, ಸುಲಭವಾಗಿ ದಾಟಿ ಹೋಗಿಬಿಡಬಹುದು. ಹಿಂಡ್ಲಿ ತಂಗಿ ಕ್ಯಾಥರೀನ್ ಮದುವೆಯಾಗಿ ಹೋಗುವಾಗ ನೆಲ್ಲಿನೂ ಅವಳ ಜೊತೆ ಹೊರಡಬೇಕಾಗುತ್ತೆ, ಆಗ ಹೇರ್ಟನ್‌ಗೆ ಹತ್ತಿರ ಹತ್ತಿರ ಐದು ವರ್ಷ, ನೆಲ್ಲಿ ಅವನಿಗೆ ಅಕ್ಷರ ಹೇಳ್ಕೊಡಕ್ಕೆ ಆಗ ತಾನೇ ಶುರು ಮಾಡಿರ್ತಾಳೆ. ಅಷ್ಟೇ, ಅಲ್ಲಿಗೆ ನಿಂತೋಯ್ತು. ಹತ್ತು ತಿಂಗಳಾದ್ಮೇಲೆ 11ನೇ ಅಧ್ಯಾಯದಲ್ಲಿ ನೋಡಕ್ಕೆ ಬಂದ್ರೆ ಅವಳ ಮೇಲೇ ಕಲ್ಲು ಎಸೀತಾನೆ, ಬಾಯಿ ತುಂಬ ಬೈಗುಳ. ಪಾಠ ಯಾರು ಹೇಳ್ಕೊಡ್ತಾರೆ ಅಂದ್ರೆ ಪಾದ್ರಿ ಹೊಸಲು ದಾಟಿದ್ರೆ ಹಲ್ಲು ಉದುರಿಸ್ತೀನಿ ಅಂತ ಹೀತ್‌ಕ್ಲಿಫ್ ಮಾತು ಕೊಟ್ಟಿದಾನಂತೆ! ಹೀತ್‌ಕ್ಲಿಫ್‌ಗೆ ಗೊತ್ತು, ಹಿಂದೆ ತನ್ನ ಪಾಠ ನಿಲ್ಲಿಸಿ ಹೊಲದ ಕೆಲಸಕ್ಕೆ ಹಚ್ಚಿದ್ದು ಇದೇ ಹುಡುಗನ ಅಪ್ಪ. ಹಿಂಡ್ಲಿಯ ಅಂತ್ಯಕ್ರಿಯೆ ದಿನ ಮಗೂನ ಮೇಜಿನ ಮೇಲೆ ನಿಲ್ಲಿಸ್ಕೊಂಡು, ಒಂದೇ ಗಾಳಿ ಬೀಸಿದ್ರೆ ಈ ಮರಾನೂ ಆ ಮರದ ಹಾಗೇ ಸೊಟ್ಟ ಬೆಳೆಯುತ್ತಾ ನೋಡೋಣ ಅಂತಾನಲ್ಲ, ಆ ಮಾತನ್ನ ನಾನು ಶೀಟ್‌ನ ತಲೆಮೇಲೇ ಹಾಕಿದೀನಿ. ಪುಸ್ತಕದ ಉಳಿದ ಅರ್ಧ ಅದಕ್ಕೆ ಉತ್ತರ.

ಆಮೇಲೆ ನೋಡಿ. 24ನೇ ಅಧ್ಯಾಯಕ್ಕೆ ಬಂದ್ರೆ ಇಪ್ಪತ್ತು ದಾಟಿದ ಹುಡುಗ, ವುದರಿಂಗ್ ಹೈಟ್ಸ್ ಅನ್ನೋ ಆ ಮನೆ ಬಾಗಿಲ ಮೇಲೆ ಕೆತ್ತಿರೋ ಹೆಸರನ್ನ ಅಕ್ಷರ ಅಕ್ಷರ ಕೂಡಿಸಿ ಓದಿ ಕ್ಯಾಥರೀನ್ ಮಗಳು ಚಿಕ್ಕ ಕ್ಯಾಥಿಗೆ ಹೆಮ್ಮೆಯಿಂದ ತೋರಿಸ್ತಾನೆ, ಆ ಹೆಸರು ಹೇರ್ಟನ್ ಅರ್ನ್‌ಷಾ, ಅಂದ್ರೆ ಅವನದ್ದೇ. ಪಕ್ಕದ 1500 ಅನ್ನೋ ಅಂಕಿ ಓದಕ್ಕೆ ಬರಲ್ಲ. ಕ್ಯಾಥಿ ನಕ್ಕುಬಿಡ್ತಾಳೆ. ಹಿಂಡ್ಲಿ ಅಡ ಇಟ್ಟಿದ್ದರಿಂದ ಆ ಮನೆ ಹೀತ್‌ಕ್ಲಿಫ್ ಪಾಲಾಗಿದೆ, ಬಾಗಿಲ ಮೇಲೆ ತನ್ನ ಹೆಸರೇ ಇದೆ, ಅವನು ಅಲ್ಲಿ ಆಳು. 1ನೇ ಅಧ್ಯಾಯದಲ್ಲಿ ಲಾಕ್‌ವುಡ್ ಒಳಗೆ ಹೋಗೋ ಮುಂಚೆ ಇದೇ ಕೆತ್ತನೆ ನೋಡಿರ್ತಾನೆ, ನಮಗೆ ಅರ್ಥ ಆಗೋಕೆ ಇಲ್ಲೀವರೆಗೂ ಕಾಯಬೇಕು.

31ನೇ ಅಧ್ಯಾಯ ಓದೋಕೆ ಕಷ್ಟ ಆಗುತ್ತೆ. ಇಲ್ಲಿ ಕಣ್ಣಾರೆ ನೋಡೋನು ಲಾಕ್‌ವುಡ್, ನೆಲ್ಲಿ ಅಲ್ಲ. ಹೇರ್ಟನ್ ಗುಟ್ಟಾಗಿ ಪುಸ್ತಕ ಸೇರಿಸಿಟ್ಟಿರ್ತಾನೆ, ಕ್ಯಾಥಿ ಅದನ್ನ ಹೊರಗಿನವನ ಎದುರಿಗೇ ಬಯಲು ಮಾಡಿ ಅವನು ತಡವರಿಸೋ ಹಾಗೆ ಓದಿ ಅಣಕಿಸ್ತಾಳೆ, ಅವನು ಅವಳ ಬಾಯಿಗೆ ಹೊಡೆದು ಅಷ್ಟೂ ಪುಸ್ತಕ ಬೆಂಕಿಗೆ ಎಸೀತಾನೆ. ಇದೇ ಜಾಗದಲ್ಲಿ ನಾನು ಹೀತ್‌ಕ್ಲಿಫ್ ಶೀಟ್ ಪಕ್ಕಕ್ಕೆ ಇಟ್ಟು ನೋಡ್ದೆ. ಹೀತ್‌ಕ್ಲಿಫ್‌ನ ಮದುವೆ ಆದ್ರೆ ನನ್ನ ಮರ್ಯಾದೆ ಕೆಳಗಿಳಿಯುತ್ತೆ ಅಂತ ಕ್ಯಾಥರೀನ್ ಅಂದಿದ್ದು ಕೇಳಿಸ್ಕೊಂಡು, ಅವಳು ಪ್ರೀತಿ ಬಗ್ಗೆ ಹೇಳೋ ಉಳಿದ ಮಾತು ಕೇಳದೆ ಹೀತ್‌ಕ್ಲಿಫ್ ಎದ್ದು ಹೋಗ್ತಾನೆ, ಮೂರು ವರ್ಷ ಪತ್ತೆ ಇಲ್ಲ. ಅವಮಾನ ಇಬ್ರಿಗೂ ಒಂದೇ ಥರದ್ದು. ಆದ್ರೆ ಹೇರ್ಟನ್ ಬೆಟ್ಟದಲ್ಲಿದ್ದಾಗ ಬಂದೂಕು ಸಿಡಿದು ತೋಳಿಗೆ ಗಾಯ ಆಗುತ್ತೆ, ಗಾಯ ಮಾಯೋವರೆಗೂ ಅಡುಗೆಮನೆ ಒಲೆ ಮುಂದೆ ಕೂರಲೇಬೇಕು, ಎದ್ದು ಹೋಗೋ ದಾರಿನೇ ಇಲ್ಲ! ಕ್ಯಾಥಿಗೂ ಅಲ್ಲಿಗೇ ಬಂದು ಬಂದು ಕೊನೆಗೆ ಕ್ಷಮೆ ಕೇಳಕ್ಕೆ ಟೈಮ್ ಸಿಗುತ್ತೆ. ಪುಸ್ತಕಾನ ಬಿಳಿ ಕಾಗದದಲ್ಲಿ ಸುತ್ತಿ, ರಿಬ್ಬನ್ ಕಟ್ಟಿ, ಮೇಲೆ ಮಿಸ್ಟರ್ ಹೇರ್ಟನ್ ಅರ್ನ್‌ಷಾ ಅಂತ ಬರೆದು ನೆಲ್ಲಿ ಕೈಲಿ ಕೊಡಿಸ್ತಾಳೆ. ತೊಡೆ ಮೇಲೆ ಇಟ್ಟಿದ್ದನ್ನ ಅವನು ತಳ್ಳಲ್ಲ. ತಗೊಂಡ ಅಂತನೂ ಬರೆದಿಲ್ಲ, ತಳ್ಳಲಿಲ್ಲ ಅಷ್ಟೇ, ನಾನು ಆ ಕಾಲಂನಲ್ಲೂ ಹಾಗೇ ಬರ್ದಿದೀನಿ.

ಹಾಗಾದ್ರೆ ಬದಲಾವಣೆ ಪೂರ್ತಿ ಕ್ಯಾಥಿಯಿಂದಾನೇ ಆಯ್ತಾ? ಇಲ್ಲ ಅನ್ಸುತ್ತೆ. ಇನ್ನೂ ಆರು ತುಂಬದ ಹುಡುಗ ಆಗಿದ್ದಾಗ ನಾಯಿಮರಿಗಳನ್ನ ಕುರ್ಚಿ ಬೆನ್ನಿಗೆ ನೇಣು ಹಾಕ್ತಾ ಇದ್ದ, ಹದಿನೆಂಟಕ್ಕೆ ಅಳ್ತಾ ಇರೋ ಕ್ಯಾಥಿಯನ್ನ ಸಮಾಧಾನ ಮಾಡಕ್ಕೆ ತಾನಾಗೇ ಒಂದು ನಾಯಿಮರಿ ತಂದು ಕೈಗೆ ಕೊಡ್ತಾನೆ. ಮಧ್ಯ ಯಾರೂ ಏನೂ ಕಲಿಸಿಲ್ಲ. ಇನ್ನೊಂದು, ಅವನಿಗೆ ಹೀತ್‌ಕ್ಲಿಫ್ ಮೇಲೆ ನಿಜವಾದ ಪ್ರೀತಿ ಇದೆ. ಕ್ಯಾಥಿ ಬೈದ್ರೆ, ನಿಮ್ಮಪ್ಪನ್ನ ನಾನು ಬೈದ್ರೆ ಹೇಗಿರುತ್ತೆ ಅಂತ ತಡೀತಾನೆ, ಹೀತ್‌ಕ್ಲಿಫ್ ಸತ್ತಾಗ ರಾತ್ರಿಯೆಲ್ಲಾ ಹೆಣದ ಪಕ್ಕ ಕೂತು ಅಳೋನು ಅವನೊಬ್ಬನೇ. ಯಾರಿಗೆ ಅತಿ ಹೆಚ್ಚು ಅನ್ಯಾಯ ಆಯ್ತೋ ಅವನೇ ಅಳ್ತಾನೆ. ಸೊಟ್ಟ ಮರದ ಲೆಕ್ಕ ತಪ್ಪಿದ್ದು ಇಲ್ಲೇ. ಹೀತ್‌ಕ್ಲಿಫ್ ಗಾಳಿನ ಮಾತ್ರ ಎಣಿಸಿದ್ದ, ಐದು ವರ್ಷ ನೆಲ್ಲಿ ಸಾಕಿದ್ದನ್ನ ಎಣಿಸಿರಲಿಲ್ಲ, ತನ್ನ ಮೇಲೇ ಹುಡುಗನಿಗೆ ಪ್ರೀತಿ ಹುಟ್ಟುತ್ತೆ ಅನ್ನೋದು ಗೊತ್ತಿದ್ರೂ ಅದನ್ನ ತಮಾಷೆ ಅಂದ್ಕೊಂಡಿದ್ದ. 33ನೇ ಅಧ್ಯಾಯದಲ್ಲಿ ಈ ಇಬ್ಬರನ್ನ ಹಾಳು ಮಾಡೋ ಆಸೇನೇ ಹೋಯ್ತು ಅಂತ ಅವನೇ ಒಪ್ಕೋತಾನೆ, ಇಬ್ರಿಗೂ ಇರೋದು ಕ್ಯಾಥರೀನ್ ಕಣ್ಣುಗಳೇ.

ಮುಂದಿನ ಶೀಟ್ ನೆಲ್ಲಿದು. ಅಕ್ಷರ ಶುರು ಮಾಡಿದ್ದೂ ಅವಳೇ, ಕೊನೆಗೆ ಪುಸ್ತಕ ತಲುಪಿಸಿದ್ದೂ ಅವಳೇ. ಹಾಗೇ 9ನೇ ಅಧ್ಯಾಯದಲ್ಲಿ ಹೀತ್‌ಕ್ಲಿಫ್ ಎದ್ದು ಹೋಗಿದ್ದನ್ನ ನೋಡಿಯೂ ಕ್ಯಾಥರೀನ್‌ಗೆ ಆ ಕ್ಷಣಕ್ಕೆ ಹೇಳದೆ ಇದ್ದದ್ದೂ ಅವಳೇ. ಯಾಕೆ ಹೇಳಲಿಲ್ಲ ಅನ್ನೋದಕ್ಕೆ ಅವಳು ಕೊಡೋ ಮಾತುಗಳನ್ನೆಲ್ಲ ಒಂದು ಕಾಲಂಗೆ, ಅವಳು ಮಾಡಿದ್ದನ್ನ ಇನ್ನೊಂದಕ್ಕೆ ಹಾಕ್ತಾ ಇದೀನಿ, 4ನೇ ಅಧ್ಯಾಯದಿಂದ ಶುರು ಮಾಡಿ ಈಗ 8ಕ್ಕೆ ಬಂದಿದೀನಿ.